ಒಂದು ಡಾಲರಿಗೆ ಕೊಟ್ಟ ವಿಮಾನನೆಲೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದು ಕಳಿಸು ಎಂದು ನಮ್ಮ ಸರ್ ಹೇಳಿದಾಗ ಕಂಪ್ಯೂಟರಿನ ಬಗ್ಗೆ ಬರೆಯುವ ಮನಸ್ಸಾಗಲಿಲ್ಲ. ನಾನೀಗ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸನ್ನಿವೇಲ್ ಎಂಬ ಊರಿನಲ್ಲಿ. ಇಲ್ಲಿಯ ಹೆದ್ದಾರಿಯ ಪಕ್ಕದಲ್ಲಿ, ಮೈಲುಗಟ್ಟಲೆ ದೂರದಿಂದಲೇ ಕಾಣುವ ಒಂದು ಭಾರೀ ಕಟ್ಟಡವಿದೆ. ಅದು ಮೊಫೆಟ್ ಫೀಲ್ಡ್ ಎಂಬ ನೌಕಾಪಡೆಯ ಹಳೆಯ ವಿಮಾನನೆಲೆಗೆ ಸೇರಿದ್ದು. ಅದರ ಚರಿತ್ರೆ ಓದುತ್ತಾ ಹೋದಂತೆ ನನಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ನಮ್ಮ ಶಾಲೆಯೂ ನೆನಪಿಗೆ ಬಂದವು.

1930ರ ಸುಮಾರಿಗೆ ಅಮೆರಿಕದ ನೌಕಾಪಡೆಗೆ ವಾಯುನೌಕೆಗಳ ಹುಚ್ಚು. ಹೀಲಿಯಂ ಅನಿಲ ತುಂಬಿದ, ಲೋಹದ ಎಲುಬುಗಳ, ಹಡಗಿನಷ್ಟು ದೊಡ್ಡ ವಾಹನಗಳು ಅವು. ಸಮುದ್ರದ ಮೇಲೆ ದೂರ ದೂರ ಹೋಗಿ ಶತ್ರುವಿನ ಹಡಗುಗಳನ್ನು ಹುಡುಕುವುದು ಅವುಗಳ ಕೆಲಸ. ಪಶ್ಚಿಮ ಕರಾವಳಿಯಲ್ಲಿ ಅವಕ್ಕೊಂದು ನೆಲೆ ಬೇಕಾಗಿತ್ತು. ಸ್ಯಾನ್ ಡಿಯಾಗೋ ನಗರ ನಮಗೆ ಬೇಕೆಂದು ಪಟ್ಟು ಹಿಡಿದಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನವರು ಸುಮ್ಮನೆ ಅರ್ಜಿ ಹಾಕಿ ಕೂರಲಿಲ್ಲ. ಸುಮಾರು 4 ಲಕ್ಷ 80 ಸಾವಿರ ಡಾಲರ್ ಕೂಡಿಸಿ, ಸುಮಾರು 1,000 ಎಕರೆ ಜಾಗ ಕೊಂಡು, ಅದನ್ನು ಕೇವಲ 1 ಡಾಲರಿಗೆ ಸರ್ಕಾರಕ್ಕೆ ಬರೆದುಕೊಟ್ಟರು. ಆಗ ಆರ್ಥಿಕ ಮಹಾಕುಸಿತದ ಕಾಲ, ಕೆಲಸವಿಲ್ಲದವರ ಸಾಲು ಬೆಳೆಯುತ್ತಿತ್ತು ಎಂಬುದನ್ನು ಮರೆಯಬಾರದು.

ನೌಕಾನೆಲೆ ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಕಾರವಾರದ ಸೀಬರ್ಡ್. ಮನೆ, ಗದ್ದೆ, ಮೀನುಗಾರಿಕೆಯ ತೀರ ಬಿಟ್ಟು ಎದ್ದುಬಂದ ಕುಟುಂಬಗಳು. ಹಾಗಾಗಿ ಜನರೇ ಹಣ ಹಾಕಿ ನೆಲೆಯನ್ನು ಕರೆತಂದರು ಎಂದು ಓದಿದಾಗ ನನಗೆ ನಂಬುವುದೇ ಕಷ್ಟವಾಯಿತು. ಇದರಲ್ಲಿ ದೇಶಪ್ರೇಮದ ಜೊತೆಗೆ ವ್ಯಾಪಾರದ ಲೆಕ್ಕವೂ ಇತ್ತು, ನಿಜ. ನೆಲೆ ಬಂದರೆ ಕೆಲಸ ಬರುತ್ತದೆ, ಅಂಗಡಿ ನಡೆಯುತ್ತದೆ. ಇನ್ನೂ ಹಿಂದಕ್ಕೆ ಹೋದರೆ, 1844ರಲ್ಲಿ ಇಲ್ಲಿಯ ಜಾಗವನ್ನು ಆಗಿನ ಮೆಕ್ಸಿಕೊ ಆಡಳಿತ ಲೋಪೆ ಇನಿಗೋ ಎಂಬ ಓಲೋನಿ ಮೂಲನಿವಾಸಿಗೆ ಬರೆದುಕೊಟ್ಟಿತ್ತು. ಓಲೋನಿಗಳ ನೆಲ ಹೊರಗಿನವರ ಕೈಗೆ ದಾಟಿದ್ದನ್ನು ಯಾರೂ ದಾನ ಎಂದು ಕರೆಯಲಾರರು. ಆದರೂ ಊರವರು ಸೇರಿ ಜಾಗ ಕೊಟ್ಟು ಸರ್ಕಾರದ ಒಂದು ಸಂಸ್ಥೆಯನ್ನು ತಮ್ಮಲ್ಲಿಗೆ ತರುವುದು, ಚಿರೇಕಲ್ಲು ಹೊತ್ತು ನಮ್ಮ ಶಾಲೆ ಕಟ್ಟಿದವರಿಗೆ ಹೊಸ ವಿಷಯವಲ್ಲ.

1933ರ ಏಪ್ರಿಲ್ 12ರಂದು ನೆಲೆ ಆರಂಭವಾಯಿತು. ಅದಕ್ಕೆ ಎಂಟು ದಿನ ಮೊದಲು 'ಏಕ್ರನ್' ಎಂಬ ವಾಯುನೌಕೆ ಅಟ್ಲಾಂಟಿಕ್ ಸಮುದ್ರಕ್ಕೆ ಬಿದ್ದು 76 ಜನರಲ್ಲಿ 73 ಜನ ಸತ್ತಿದ್ದರು. ಸತ್ತವರಲ್ಲಿ ನೌಕಾ ವಿಮಾನಯಾನದ ಮುಖ್ಯಸ್ಥ ರಿಯರ್ ಅಡ್ಮಿರಲ್ ವಿಲಿಯಂ ಮೊಫೆಟ್ ಕೂಡ ಒಬ್ಬರು. ಅವರ ಹೆಸರೇ ಇಲ್ಲಿ ಉಳಿಯಿತು. ಅದೇ ಅಕ್ಟೋಬರಿನಲ್ಲಿ 785 ಅಡಿ ಉದ್ದದ 'ಮೇಕನ್' ವಾಯುನೌಕೆ ಬಂದಿಳಿಯಿತು. ಅದನ್ನು ಕಟ್ಟಿಹಾಕುವ ಕೊಟ್ಟಿಗೆಯೇ ನಾನು ಮೊದಲು ಹೇಳಿದ ಕಟ್ಟಡ, 'ಹ್ಯಾಂಗರ್ ಒನ್'. ಉದ್ದ 1,133 ಅಡಿ, ಅಗಲ 308 ಅಡಿ, ಎತ್ತರ 198 ಅಡಿ. ಒಳಗಿನ ನೆಲವೇ 8 ಎಕರೆ. ನಮ್ಮೂರ ಲೆಕ್ಕದಲ್ಲಿ ಒಂದು ಒಳ್ಳೆಯ ತೋಟ ಸೂರಿನಡಿ ಇದ್ದಂತೆ!

ಮೇಕನ್ ತನ್ನ ಹೊಟ್ಟೆಯೊಳಗೆ ಪುಟ್ಟ ಯುದ್ಧವಿಮಾನಗಳನ್ನು ಒಯ್ಯುತ್ತಿತ್ತು. ಅವು ಹಾರುತ್ತಿರುವ ವಾಯುನೌಕೆಯಿಂದಲೇ ಜಾರಿ ಹೊರಟು, ಮರಳಿ ಬಂದು ತಲೆಯ ಮೇಲಿನ ಕೊಕ್ಕೆಯನ್ನು ಕೆಳಗೆ ಇಳಿಬಿಟ್ಟ ಅಡ್ಡಕಂಬಿಗೆ ಸಿಕ್ಕಿಸಿಕೊಳ್ಳುತ್ತಿದ್ದವು. ನನ್ನ ಮಟ್ಟಿಗೆ ಈ ನೆಲೆಯ ಮೊದಲ ಏರ್ ಶೋ ಅದೇ. ಆದರೆ ಎರಡು ವರ್ಷವೂ ನಡೆಯಲಿಲ್ಲ. 1934ರಲ್ಲಿ ಟೆಕ್ಸಾಸ್ ದಾಟುವಾಗ ಬಾಲದ ಬಳಿ ಪೆಟ್ಟಾಗಿತ್ತು. ಪೂರ್ತಿ ದುರಸ್ತಿಯನ್ನು ಮುಂದಕ್ಕೆ ಹಾಕಿದರು. 1935ರ ಫೆಬ್ರವರಿ 12ರಂದು ಗಾಳಿಯ ಹೊಡೆತಕ್ಕೆ ಮೇಲಿನ ರೆಕ್ಕೆ ಕಿತ್ತು ಮೇಕನ್ ಪೆಸಿಫಿಕ್ ಸಮುದ್ರ ಸೇರಿತು. ಏಕ್ರನ್ ದುರಂತದ ನಂತರ ಜೀವರಕ್ಷಕ ಕವಚ ಇಡಲು ಶುರು ಮಾಡಿದ್ದರಿಂದ 83 ಜನರಲ್ಲಿ 81 ಜನ ಬದುಕಿದರು. 'ಆಮೇಲೆ ಸರಿಮಾಡೋಣ' ಎಂಬ ಮಾತು ನಮ್ಮ ಸಾಫ್ಟ್‌ವೇರ್ ಕಚೇರಿಗಳಲ್ಲೂ ದಿನಾ ಕೇಳಿಸುತ್ತದೆ.

ವಾಯುನೌಕೆ ಹೋದರೂ ಊರಿನ ಲೆಕ್ಕಾಚಾರ ಸುಳ್ಳಾಗಲಿಲ್ಲ. ಪಕ್ಕದಲ್ಲೇ 1939ರಲ್ಲಿ ಏಮ್ಸ್ ವಿಮಾನ ಸಂಶೋಧನಾಲಯ ಬಂತು. ಮುಂದೆ ಅದೇ ನಾಸಾದ ಕೇಂದ್ರವಾಯಿತು. 1956ರಲ್ಲಿ ಲಾಕ್‌ಹೀಡ್ ಕ್ಷಿಪಣಿ ಕಂಪನಿ ಬಂತು. ಸಿಲಿಕಾನ್ ಕಣಿವೆ ಕಾರ್ ಶೆಡ್ಡುಗಳಲ್ಲಿ ಹುಟ್ಟಿತು ಎಂಬ ಕತೆ ಎಲ್ಲರಿಗೂ ಗೊತ್ತು. ಈ ನೆಲೆಯ ಪಾಲನ್ನು ಹೇಳುವವರು ಕಡಿಮೆ.

ಇನ್ನು ಏರ್ ಶೋ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜನರು ನೌಕಾಪಡೆಯ ವಿಮಾನಗಳನ್ನು ಮರೆತುಬಿಟ್ಟರೆ ಹಣಕಾಸಿಗೂ ಕತ್ತರಿ ಬೀಳುತ್ತದೆಂಬ ಚಿಂತೆ ಹುಟ್ಟಿತು. 1946ರಲ್ಲಿ ಅಡ್ಮಿರಲ್ ನಿಮಿಟ್ಜ್ ಅವರ ಆದೇಶದಂತೆ ಪ್ರದರ್ಶನ ತಂಡವೊಂದು ಹುಟ್ಟಿತು. ಅದೇ 'ಬ್ಲೂ ಏಂಜೆಲ್ಸ್'. ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಆ ಜೂನ್‌ನಲ್ಲೇ ಮೊದಲ ಪ್ರದರ್ಶನ. 1950ರಲ್ಲಿ ಕೊರಿಯಾ ಯುದ್ಧ ಬಂದಾಗ ಆಟ ನಿಲ್ಲಿಸಿ ಪೈಲಟ್‌ಗಳು ರಣರಂಗಕ್ಕೆ ಹೋದರು. ತಂಡದ ನಾಯಕ ಜಾನ್ ಮಗ್ಡಾ ಅಲ್ಲಿಂದ ಮರಳಲಿಲ್ಲ. ಬೀದರಿನಲ್ಲಿ 1996ರಲ್ಲಿ ಆರಂಭವಾದ ನಮ್ಮ ಸೂರ್ಯಕಿರಣ ತಂಡವನ್ನು ಯಲಹಂಕದಲ್ಲಿ ನೋಡಿದವರಿಗೆ ಈ ಕಸರತ್ತು ಗೊತ್ತು. ಬ್ಲೂ ಏಂಜೆಲ್ಸ್ ವಿಮಾನಗಳ ನಡುವಿನ ಅಂತರ ಕೆಲವೊಮ್ಮೆ ಒಂದೂವರೆ ಅಡಿಯಷ್ಟೇ.

ಮೊಫೆಟ್‌ನಲ್ಲೂ ಈ ತಂಡ ಹಾರಿತು. ಆಗ ಅದು ಜಲಾಂತರ್ಗಾಮಿಗಳನ್ನು ಹುಡುಕುವ 'ಪಿ-3 ಓರಿಯನ್' ವಿಮಾನಗಳ ನೆಲೆ. ಉಳಿದ ದಿನ ಬಂದೂಕು ಹಿಡಿದವರು ಕಾಯುವ ಗೇಟು ಏರ್ ಶೋ ದಿನ ಎಲ್ಲರಿಗೂ ತೆರೆಯುತ್ತಿತ್ತು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ನುಗ್ಗುತ್ತಿದ್ದರು. ಅಜ್ಜಂದಿರು 1 ಡಾಲರಿಗೆ ಕೊಟ್ಟ ಜಾಗದಲ್ಲಿ ಮೊಮ್ಮಕ್ಕಳು ಕಾಲಿಡುವ ದಿನ ಅದು. ಜಾತ್ರೆ ಎನ್ನದೆ ಬೇರೇನೂ ಹೇಳಲು ತೋಚುವುದಿಲ್ಲ.

ಈ ನೆಲೆಗೆ ಕರಾಳ ದಿನವೂ ಇದೆ. ಆರಂಭವಾಗಿ ಸರಿಯಾಗಿ 40 ವರ್ಷಕ್ಕೆ, 1973ರ ಏಪ್ರಿಲ್ 12ರಂದು, ನಾಸಾದ ವಿಮಾನಕ್ಕೆ ನಿಯಂತ್ರಕರಿಂದ ತಪ್ಪು ರನ್‌ವೇಯ ಸೂಚನೆ ಹೋಯಿತು. ಅದು ಓರಿಯನ್ ಮೇಲೆ ಬಂತು. 17 ಜನರಲ್ಲಿ ಬದುಕಿದವನು ಒಬ್ಬನೇ.

ಶೀತಲ ಸಮರ ಮುಗಿದ ಮೇಲೆ ನೆಲೆ ಮುಚ್ಚಲು 1991ರಲ್ಲಿ ತೀರ್ಮಾನವಾಯಿತು. 1994ರ ಜುಲೈ 1ರಂದು ನೌಕಾಪಡೆ ಇದನ್ನು ನಾಸಾಗೆ ಒಪ್ಪಿಸಿ ಹೊರಟಿತು. ನೌಕಾಪಡೆಯ ಏರ್ ಶೋಗಳೂ ಅದರೊಂದಿಗೆ ಹೋದವು. ಆಮೇಲೆ ಹ್ಯಾಂಗರ್ ಒನ್‌ನ ಹೊದಿಕೆಯಲ್ಲಿ ವಿಷವಸ್ತುಗಳಿರುವುದು ತಿಳಿದು, ಕಟ್ಟಡವನ್ನೇ ಕೆಡವುವ ಮಾತು ಬಂತು. ಆಗ ಮತ್ತೆ ಊರವರೇ ಎದ್ದರು. ನೆಲೆಯಲ್ಲಿ ದುಡಿದ ಮುದುಕರು, ಇತಿಹಾಸದ ಆಸಕ್ತರು, ಏನೂ ಸಂಬಂಧವಿಲ್ಲದ ನೆರೆಹೊರೆಯವರು ಸಭೆಗಳಿಗೆ ಹೋಗಿ ಕೂತರು, ಪತ್ರ ಬರೆದರು. ಕಟ್ಟಡ ಉಳಿಯಿತು. ಹೊದಿಕೆಯನ್ನು ಮಾತ್ರ ಕಿತ್ತು, ಬರೀ ಉಕ್ಕಿನ ಎಲುಬಿನ ಗೂಡಾಗಿ ಬಿಟ್ಟರು. 2014ರಲ್ಲಿ ಗೂಗಲ್‌ನ ಅಂಗಸಂಸ್ಥೆ 60 ವರ್ಷಕ್ಕೆ 116 ಕೋಟಿ ಡಾಲರ್ ಬಾಡಿಗೆಯ ಕರಾರು ಮಾಡಿಕೊಂಡು, ಹ್ಯಾಂಗರ್ ದುರಸ್ತಿಯನ್ನೂ ವಹಿಸಿಕೊಂಡಿತು. 1 ಡಾಲರಿಗೆ ಬಂದ ಜಾಗ ಅದು! ಬಾಡಿಗೆ ಹೋಗುವುದು ಸರ್ಕಾರಕ್ಕೆ. ಹಣ ಕೂಡಿಸಿದ ಊರುಗಳಿಗೆ ಕೊನೆಗೆ ಉಳಿದದ್ದು ಕಟ್ಟಡದ ಮೇಲಿನ ಪ್ರೀತಿ, ಮತ್ತು ಅದನ್ನು ಕೆಡವಲು ಬಿಡದ ಹಟ.

ಬ್ಲೂ ಏಂಜೆಲ್ಸ್ ಈಗಲೂ ಈ ಕಡೆ ಬರುತ್ತದೆ, ಅಕ್ಟೋಬರಿನ ನೌಕಾ ಸಪ್ತಾಹಕ್ಕೆ, ಸ್ಯಾನ್ ಫ್ರಾನ್ಸಿಸ್ಕೋದ ಕೊಲ್ಲಿಯ ಮೇಲೆ. ಮೊಫೆಟ್‌ನೊಳಗೆ ಸ್ಥಳೀಯ ಇತಿಹಾಸ ಸಂಘದವರು ನಡೆಸುವ ಒಂದು ಸಣ್ಣ ವಸ್ತುಸಂಗ್ರಹಾಲಯವಿದೆ. ಮಕ್ಕಳ ಮನೆಗೆಂದು ನಮ್ಮೂರಿನ ಹಿರಿಯರು ಯಾರಾದರೂ ಇತ್ತ ಬಂದರೆ ತಿಳಿಸಿ, ನಾನೇ ಕಾರಿನಲ್ಲಿ ಕರೆದೊಯ್ದು ತೋರಿಸುತ್ತೇನೆ. ಗೇಟಿನಲ್ಲಿ ತೋರಿಸಲು ಪಾಸ್‌ಪೋರ್ಟ್ ಮಾತ್ರ ಮರೆಯಬೇಡಿ.