ಅಸ್ಪಷ್ಟ ಗಣ ಸಿದ್ಧಾಂತ ಮತ್ತು ಆಡುಮಾತು

‘ಚಲೋ ಮಳಿ’, ‘ಅರ್ಧಮರ್ಧ ಹದ’ದಂಥ, ಗೆರೆ ಕೊರೆದು ಹೇಳಲಾಗದ ಮಾತುಗಳಿಗೆ ಗಣಿತದ ರೂಪ ಕೊಡುವ ಸಿದ್ಧಾಂತ. ಬಾಕುವಿನಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಲಾಟ್ಫಿ ಝಾದೆ 1965ರಲ್ಲಿ ಇದನ್ನು ಮಂಡಿಸಿದರು. ಸಾಮಾನ್ಯ ಗಣಕ್ಕೆ ಒಂದು ವಸ್ತು ಸೇರುತ್ತದೆ, ಇಲ್ಲವೇ ಸೇರುವುದಿಲ್ಲ. ಅಸ್ಪಷ್ಟ ಗಣದಲ್ಲಿ ಸದಸ್ಯತ್ವದ ಪ್ರಮಾಣ 0ಯಿಂದ 1ರವರೆಗೆ ಎಷ್ಟಾದರೂ ಇರಬಹುದು. ಇದು ಸಂಭಾವ್ಯತೆಯಲ್ಲ. 0.8 ಎಂದರೆ ಮಳೆ ಬರುವ ಸಾಧ್ಯತೆಯ ಲೆಕ್ಕವಲ್ಲ, ಬಂದ ಮಳೆ ಎಷ್ಟರಮಟ್ಟಿಗೆ ‘ಚಲೋ’ ಎಂಬುದರ ಅಳತೆ.

ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ದಿನಕ್ಕೆ 64.4 ಮಿ.ಮೀ. ಸಾಧಾರಣ ಮಳೆ, 64.5 ಮಿ.ಮೀ. ಭಾರೀ ಮಳೆ. ಆಡಳಿತಕ್ಕೆ ಇಂಥ ಗಡಿ ಬೇಕು. ಹೊಲದಲ್ಲಿ ನಿಂತವರಿಗೆ ಅದು ಕಾಣುವುದಿಲ್ಲ. ಝಾದೆ 1970ರ ದಶಕದಲ್ಲಿ ‘ಭಾಳ’, ‘ಹೆಚ್ಚೂಕಡಿಮೆ’ ಎಂಬಂಥ, ಮಾತನ್ನು ಬಿಗಿಗೊಳಿಸುವ ಇಲ್ಲವೇ ಸಡಿಲಿಸುವ ಪದಗಳಿಗೂ ಲೆಕ್ಕ ಕಟ್ಟಿದರು: ಮೊದಲನೆಯದಕ್ಕೆ ವರ್ಗ, ಎರಡನೆಯದಕ್ಕೆ ವರ್ಗಮೂಲ. 0.8ರಷ್ಟು ‘ಚಲೋ’ ಆದ ಮಳೆ ‘ಭಾಳ ಚಲೋ’ ಆಗುವುದು 0.64ರಷ್ಟು ಮಾತ್ರ. ಲಂಡನ್ನಿನಲ್ಲಿ ಎಂಜಿನಿಯರ್ ಇಬ್ರಾಹಿಂ ಮಮ್ದಾನಿ ಇಂಥ ಮಾತುಗಳಿಂದಲೇ ನಿಯಮ ಕಟ್ಟಿ ಉಗಿಯಂತ್ರವೊಂದನ್ನು ನಿಯಂತ್ರಿಸಿ ತೋರಿಸಿದರು (1974). 1987ರಲ್ಲಿ ಜಪಾನಿನ ಸೆಂಡೈ ಮೆಟ್ರೊ ರೈಲು ಇದೇ ಬಗೆಯ ನಿಯಂತ್ರಣದಲ್ಲಿ ಓಡಿತು.

ಬಾಗಲಕೋಟೆ ಸೀಮೆಯಲ್ಲಿ ಈ ಸಿದ್ಧಾಂತದ ಜೊತೆಗೆ ಜೈನರ ಸ್ಯಾದ್ವಾದವನ್ನು ನೆನೆಯುವುದು ಸಹಜ. ಇಲ್ಲಿನ ಬಾದಾಮಿಯ ನಾಲ್ಕನೆಯ ಗುಹೆ ಜೈನರದು. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಕವಿ ರವಿಕೀರ್ತಿ 634ರಲ್ಲಿ ಮೇಗುಟಿ ಜಿನಾಲಯ ಕಟ್ಟಿಸಿದ. ಸ್ಯಾದ್ವಾದದಲ್ಲಿ ‘ಉಂಟು’, ‘ಇಲ್ಲ’, ‘ಹೇಳಲಾಗದು’ ಎಂಬ ಮೂರು ನುಡಿಗಳನ್ನು ಕೂಡಿಸಿ ಏಳು ಬಗೆಯ ಹೇಳಿಕೆ ಮಾಡುವುದು ಸಪ್ತಭಂಗಿ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ 1954ರಲ್ಲಿ ಇದಕ್ಕೂ ಸಂಖ್ಯಾಶಾಸ್ತ್ರಕ್ಕೂ ನಂಟು ಹೆಣೆದರು, 1957ರಲ್ಲಿ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಇದರ ಮೇಲೆ ಲೇಖನ ಬರೆದರು. ಆದರೂ ಅಸ್ಪಷ್ಟ ಗಣವನ್ನು ಜೈನರು ಮೊದಲೇ ಕಂಡಿದ್ದರೆನ್ನುವುದು ಎರಡಕ್ಕೂ ನ್ಯಾಯವಲ್ಲ. ಸ್ಯಾದ್ವಾದ ಕೇಳುವುದು ಯಾವ ದೃಷ್ಟಿಯಿಂದ ಎಂದು, ಝಾದೆ ಕೇಳುವುದು ಎಷ್ಟರಮಟ್ಟಿಗೆ ಎಂದು.

ಈ ಸೀಮೆಯ ನಿಜವಾದ ಉದಾಹರಣೆ ಹಿಂಗಾರಿಯ ಎರೆಹೊಲದಲ್ಲಿದೆ. ಹಸಿ ಹೆಚ್ಚಾದರೆ ಎರೆಮಣ್ಣು ಕುಂಟೆಗೆ ಮೆತ್ತುತ್ತದೆ, ಒಣಗಿದರೆ ಹೆಂಟೆ ಏಳುತ್ತದೆ. ‘ಮಳಿ ಚಲೋ ಆಗಿ, ನೆಲ ಹದಕ್ಕ ಬಂದ್ರ ಜ್ವಾಳ ಬಿತ್ತು’ ಎಂಬ ಮಾತು ಮಮ್ದಾನಿಯ ನಿಯಮದ ರೂಪದಲ್ಲೇ ಇದೆ. ಮಳೆ 0.8, ಹದ 0.6 ಆದರೆ ಎರಡರಲ್ಲಿ ಕಡಿಮೆಯದನ್ನು ಹಿಡಿದು, ನಿಯಮ 0.6ರಷ್ಟು ಅನ್ವಯಿಸುತ್ತದೆ ಎನ್ನುತ್ತಾರೆ. ಆದರೆ ಆ 0.6ನ್ನು ಸಿದ್ಧಾಂತ ಕೊಡುವುದಿಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಲ್ಲವರನ್ನೇ ಕೇಳಿ ಪಡೆಯಬೇಕು. ನೀರು ಬೇಗ ಆರುವ ಮಸಾರಿ ಹೊಲಕ್ಕಂತೂ ಸದಸ್ಯತ್ವದ ಬೇರೆಯದೇ ರೇಖೆ ಎಳೆಯಬೇಕಾಗುತ್ತದೆ.