ಮಸ್ಕಿಯ ಗುಡ್ಡದಲ್ಲಿ ಸಿಕ್ಕ ನಿಧಿ

ಸಿಂಧನೂರಿನಲ್ಲಿ ಕಳೆದ ಬಾಲ್ಯದಲ್ಲಿ ನನಗೆ ‘ಚಂದಮಾಮ’ದ ಹುಚ್ಚು. ಮಾಂತ್ರಿಕ, ಮಾಯದ ಗುಹೆ, ಕೊಪ್ಪರಿಗೆ ತುಂಬ ಹೊನ್ನು ಇರುವ ಕಥೆಗಳನ್ನೇ ಹುಡುಕಿ ಓದುತ್ತಿದ್ದೆ. ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ನಿಂತಾಗ ಗುಡ್ಡದ ಬಂಡೆಗಳನ್ನು ತೋರಿಸಿ, “ಅಲ್ಲಿ ನಿಧಿ ಐತೇನಜ್ಜಾ?” ಎಂದು ಕೇಳಿದ್ದೆ. “ಐತಿ. ಓದಾಕ ಬರೋರಿಗೆ ಸಿಗತೈತಿ” ಅಂದಿದ್ದ ಅಜ್ಜ.

ಆ ಮಾತು ಅರ್ಥವಾದದ್ದು ಕಾಲೇಜಿನಲ್ಲಿ ಇತಿಹಾಸ ಓದುವಾಗ. 1915ರಲ್ಲಿ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹಿಡಿದು ಇಲ್ಲಿ ಅಲೆಯುತ್ತಿದ್ದ. ಅದು ಬರಿಯ ಆಸೆಯೇನಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ತೋಡಿದ ಚಿನ್ನದ ಗಣಿಗಳಿವೆ. ಆದರೆ ಮಸ್ಕಿಯ ಗುಡ್ಡದಲ್ಲಿ ಅವನಿಗೆ ಸಿಕ್ಕದ್ದು ಬಂಡೆಯ ಮೇಲೆ ಕೊರೆದ ಬ್ರಾಹ್ಮೀ ಅಕ್ಷರ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು.

ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಬ್ರಾಹ್ಮೀ ಲಿಪಿಯ ಗುಟ್ಟು ಬಿಡಿಸಿದ್ದ. ಆದರೂ ಅದುವರೆಗೆ ಸಿಕ್ಕ ಧರ್ಮಲಿಪಿಗಳಲ್ಲಿ ಅರಸ ತನ್ನನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆದುಕೊಂಡಿದ್ದ. ಅವನೇ ಅಶೋಕನೆಂದು ವಿದ್ವಾಂಸರು ಹೇಳುತ್ತಿದ್ದುದು ಶ್ರೀಲಂಕಾದ ಪಾಳಿ ಗ್ರಂಥಗಳನ್ನು ನಂಬಿ. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಅರಸನ ಸ್ವಂತ ಶಾಸನವೇ ಸಾಕ್ಷಿ ನುಡಿಯಿತು. ಮುಂದೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರುಗಳಲ್ಲೂ ಆ ಹೆಸರು ದೊರೆಯಿತು.

ಶಾಸನದ ತಿರುಳೂ ಮಕ್ಕಳ ಕಥೆಯಂತೆಯೇ ಇದೆ. ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ, ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಇದು ಸಿಕ್ಕೀತು, ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ ಎಂಬುದು ಅದರ ಸಾರ. ಮಗಧದ ದೊರೆ ನಮ್ಮೂರ ದಾರಿಯ ಬಂಡೆಯೊಂದರಲ್ಲಿ ಸಣ್ಣವರನ್ನು ನೆನೆದಿದ್ದ.

ನಮ್ಮ ಕಡೆ ಈಗಲೂ ನಿಧಿಯಾಸೆಗೆ ಬಿದ್ದು, ಅಂಜನ ಹಾಕಿಸಿ, ರಾತ್ರೋರಾತ್ರಿ ಹಾಳುಗುಡಿಗಳ ಗರ್ಭಗುಡಿ, ವೀರಗಲ್ಲುಗಳ ಬುಡ ಅಗೆಯುವವರಿದ್ದಾರೆ. ಒಡೆದ ಕಲ್ಲಿನ ಜೊತೆ ಅದರ ಮೇಲಿನ ಅಕ್ಷರವೂ ಹೋಗುತ್ತದೆ, ಓದುವವರು ಬರುವ ಮೊದಲೇ. 1915ಕ್ಕೂ ಮುಂಚೆ ಯಾರಾದರೂ ಮಸ್ಕಿಯ ಆ ಬಂಡೆಗೆ ಹಾರೆ ಹಾಕಿದ್ದರೆ? ನೆನೆದರೆ ಎದೆ ಝಲ್ಲೆನ್ನುತ್ತದೆ.

ಮೊನ್ನೆ ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಬಂಡೆಯ ಮುಂದೆ ನಿಂತು, “ನಿಧಿ ಎಲ್ಲೈತಿ ತಾತಾ?” ಅಂದಳು. ಅಜ್ಜನ ಮಾತನ್ನೇ ಹೇಳಿದೆ.