ಮಧುಗಿರಿ–ಶಿರಾ ಸೀಮೆಯ ಕೆರೆಗಳಲ್ಲಿ ಮತ್ಸ್ಯಸಮತೋಲ: ಒಂದು ಚಾರಿತ್ರಿಕ ಪರಿಶೀಲನೆ

ಗಾಜಿನ ತೊಟ್ಟಿಯಲ್ಲಿ ಸಮುದ್ರದ ನೀರನ್ನು ತುಂಬಿ, ಹವಳದ ಜೀವಿಗಳನ್ನೂ ಬಣ್ಣದ ಮೀನುಗಳನ್ನೂ ಒಂದೆಡೆ ಸಾಕುವವರಿಗೆ ಎದುರಾಗುವ ಮೊದಲ ಪ್ರಶ್ನೆಯು ಯಾವುದರ ಜೊತೆಗೆ ಯಾವುದು ಬಾಳೀತು ಎಂಬುದು. ಚಿಟ್ಟೆಮೀನುಗಳಲ್ಲಿ ಹಲವು ಹವಳದ ಜೀವಿಯನ್ನೇ ಕಚ್ಚಿ ತಿನ್ನುತ್ತವೆ. ಮೃದುಹವಳಗಳು ನೀರಿಗೆ ಬಿಡುವ ರಸದಿಂದ ಪಕ್ಕದ ಕಲ್ಲುಹವಳಗಳು ಸೊರಗುವುದುಂಟು. ಮೀನುಗಳು ಮಿತಿಮೀರಿದರೆ ಅವುಗಳ ಮಲದಿಂದಲೇ ನೀರು ಕೆಡುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ ಸಮುದ್ರವು ಬಲು ದೂರ. ಹವಳವು ಇಲ್ಲಿ ಸರಗಳಲ್ಲಿ ಮಾತ್ರ ಕಾಣುವ ವಸ್ತು. ಆದರೂ ಇದೇ ಪ್ರಶ್ನೆಯು ಈ ಸೀಮೆಯ ಕೆರೆಗಳನ್ನು ಕುರಿತು ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ಕೇಳಿಬಂದಿದೆ. ಅದಕ್ಕೆ ದೊರೆತ ಉತ್ತರವು ಕೆರೆಯ ದಡದಲ್ಲಿ ಹುಟ್ಟಿದ್ದಲ್ಲ, ಹೊರಗಿನಿಂದ ಬಂದದ್ದು. ಆ ಉತ್ತರದ ಚರಿತ್ರೆಯೇ ಪ್ರಕೃತ ಲೇಖನದ ವಿಷಯ.

ಮುಚ್ಚಿದ ನೀರಿನಲ್ಲಿ ಸಮತೋಲವೆಂಬ ಕಲ್ಪನೆಗೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಪ್ರಮುಖನು. 1850ರ ಸುಮಾರಿಗೆ ಆತನು ತೊಟ್ಟಿಯೊಂದರಲ್ಲಿ ಎರಡು ಚಿನ್ನದ ಮೀನುಗಳನ್ನೂ ಒಂದು ಜಲಸಸ್ಯವನ್ನೂ ಇಟ್ಟು ನೋಡಿದನು. ಸಸ್ಯದ ಎಲೆಗಳು ಕೊಳೆತು ನೀರು ಕದಡಿತು. ಕೊಳೆತುದನ್ನು ತಿನ್ನುವ ಬಸವನಹುಳುಗಳನ್ನು ಸೇರಿಸಿದ ಮೇಲೆ ನೀರು ತಿಳಿಯಾಗಿ ನಿಂತಿತು. ಮೀನು ಮತ್ತು ಗಿಡ ಎರಡೇ ಸಾಲದು, ಯಾರೂ ಗಮನಿಸದ ಮೂರನೆಯ ಜೀವಿಯೊಂದು ಬೇಕು ಎಂಬುದೇ ಆ ಪ್ರಯೋಗದ ತಾತ್ಪರ್ಯ. ಮುಂದೆ ನಮ್ಮ ಕೆರೆಗಳ ವಿಚಾರ ಬಂದಾಗ ವಾಚಕರು ಈ ಬಸವನಹುಳುವನ್ನು ನೆನಪಿನಲ್ಲಿಡಬೇಕು.

ಈ ನಾಲ್ಕು ತಾಲ್ಲೂಕುಗಳು ಸ್ಥೂಲವಾಗಿ ವರ್ಷಕ್ಕೆ 550ರಿಂದ 700 ಮಿಲಿಮೀಟರಿನಷ್ಟು ಮಳೆ ಕಾಣುವ ಬಯಲು ಸೀಮೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಶಿರಾದ ಕಡೆಯ ನೀರು ವೇದಾವತಿಯತ್ತ ಹರಿಯುತ್ತದೆ. ಹೊಳೆಗಳು ವರ್ಷದ ಬಹುಕಾಲ ಮರಳಿನ ಹಾದಿಗಳಾಗಿರುತ್ತವೆ. ಆದುದರಿಂದ ಇಲ್ಲಿ ಮೀನಿನ ನೆಲೆಯೆಂದರೆ ಕೆರೆಯೇ, ಅದೂ ಬತ್ತುವ ಕೆರೆ. ಬತ್ತುವ ನೀರಿಗೆ ಒಗ್ಗಿದ ಜೀವಸಮೂಹವೊಂದು ಇಲ್ಲಿ ತಾನಾಗಿ ನೆಲೆಸಿತ್ತು. ಕೊರವನ ಮೀನು ತಲೆಯೊಳಗಣ ವಿಶೇಷಾಂಗದಿಂದ ಗಾಳಿಯನ್ನೇ ಉಸಿರಾಡಿ, ನೀರು ಇಂಗಿದಾಗ ಕೆಸರಿನಲ್ಲಿ ಹುದುಗಿ ಜೀವ ಹಿಡಿದುಕೊಳ್ಳುತ್ತದೆ. ಚೇಳುಮೀನಿಗೂ ಅಂತಹುದೇ ಶಕ್ತಿಯುಂಟು. ಸಣ್ಣ ಗೆಂಡೆಜಾತಿಯ ಮೀನುಗಳಿಗೆ ಈ ಸೌಕರ್ಯವಿಲ್ಲ. ಅವು ಮೊದಲ ಮಳೆಯ ಹೊನಲಿನಲ್ಲಿ ಹಳ್ಳಗಳ ಮೂಲಕ ಎದುರೇರಿ ಕೆರೆಯನ್ನು ಮತ್ತೆ ಸೇರುತ್ತವೆ. ಕೊರವನು ಸಣ್ಣ ಮೀನನ್ನು ತಿನ್ನುತ್ತದೆ. ಸಣ್ಣ ಮೀನು ಕೀಟ, ಪಾಚಿ, ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ. ಯಾರೂ ಲೆಕ್ಕ ಹಾಕಿ ಬಿಡದಿದ್ದರೂ ಲೆಕ್ಕ ಕೂಡಿಬರುತ್ತಿತ್ತು.

ಮೀನನ್ನು ಅದರ ಆಹಾರದಿಂದ ತಿಳಿಯುವ ದೃಷ್ಟಿಯು ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ, ಹೊಳೆಯ ಮೀನು, ಕಡಲ ಮೀನುಗಳನ್ನು ವಿಂಗಡಿಸಿ, ಯಾವುದಕ್ಕೆ ಯಾವ ತಿನಿಸು ಹಾಕಬೇಕೆಂಬುದನ್ನು ಅಲ್ಲಿ ಹೇಳಿದೆ. ಅದು ಅರಸರ ವಿನೋದಕ್ಕಾಗಿ ಎಂಬುದು ಬೇರೆ ಮಾತು.

ಇನ್ನೊಂದು ಸಂಗತಿಯು ಇತಿಹಾಸದ ವಿದ್ಯಾರ್ಥಿಗಳಿಗೆ ಕುತೂಹಲಕರವಾದುದು. ಟಿಪ್ಪುವಿನ ಪತನಾನಂತರ, 1800ರಲ್ಲಿ, ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಶಿರಾ ಮತ್ತು ಮಧುಗಿರಿಗಳನ್ನು ಹಾದುಹೋದನು. 1807ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಆತನ ಪ್ರವಾಸಗ್ರಂಥವನ್ನು ನಮ್ಮ ವಿದ್ವಾಂಸರು ಬೆಳೆ, ಕಂದಾಯ, ಕೆರೆಗಳ ವಿವರಕ್ಕಾಗಿ ಇಂದಿಗೂ ತೆರೆಯುತ್ತಾರೆ. ಇದೇ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ, 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಅಲ್ಲಿನ ಜನರ ಬಾಯಲ್ಲಿದ್ದ ಹೆಸರುಗಳನ್ನೇ ಎತ್ತಿಕೊಂಡು ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಗೆಂಡೆಗಳಿಗೆ ಶಾಸ್ತ್ರದಲ್ಲಿ ಸ್ಥಾನವನ್ನು ಕೊಟ್ಟವನು ಆತನೇ. ತಾನು ಕಂಡ ಶಿರಾ ಸೀಮೆಯ ಕೆರೆಗಳಿಗೆ ತಾನು ಹೆಸರಿಟ್ಟ ಮೀನುಗಳೇ ಒಂದು ದಿನ ಬಂದಾವೆಂದು ಆತನು ಊಹಿಸಿರಲಾರನು.

ಅವು ಬರಲು ಒಂದು ಅಡಚಣೆಯಿತ್ತು. ಈ ಮೂರು ಮೀನುಗಳು ನಿಂತ ನೀರಿನಲ್ಲಿ ಬೆಳೆಯುತ್ತವೆಯೇ ಹೊರತು ಮರಿಮಾಡುವುದಿಲ್ಲ. ಮುಂಗಾರಿನ ಮಹಾಪೂರವಿರುವ ಹೊಳೆಯೇ ಅವಕ್ಕೆ ಬೇಕು. 1957ರ ಜುಲೈ ತಿಂಗಳಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿಯವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಹೊಳೆಯಿಲ್ಲದ ಊರಿಗೂ ಮರಿಯನ್ನು ಕಳುಹಿಸುವುದು ಅಂದಿನಿಂದ ಸಾಧ್ಯವಾಯಿತು. 1959ರಲ್ಲಿ ಬೆಳ್ಳಿಗೆಂಡೆ, ಹುಲ್ಲುಗೆಂಡೆಗಳು ವಿದೇಶದಿಂದ ಬಂದವು. ಸಾಮಾನ್ಯ ಗೆಂಡೆಯ ಜರ್ಮನ್ ತಳಿಯು 1939ರಲ್ಲಿಯೇ ನೀಲಗಿರಿಗೆ ಬಂದಿತ್ತು. 1971ರಲ್ಲಿ ಆರಂಭವಾದ ಅಖಿಲ ಭಾರತ ಯೋಜನೆಯು ಈ ಆರನ್ನೂ ಕೂಡಿಸಿ ಮಿಶ್ರ ಮತ್ಸ್ಯಕೃಷಿಯ ಪದ್ಧತಿಯನ್ನು ದೇಶದ ಹಲವೆಡೆ ಪರೀಕ್ಷಿಸಿತು.

ಈ ಪದ್ಧತಿಯ ತರ್ಕವು ನಿಜಕ್ಕೂ ಸೊಗಸಾದುದು. ಕಾಟ್ಲಾ ಮೇಲ್ನೀರಿನಲ್ಲಿ ತೇಲುವ ಸೂಕ್ಷ್ಮಪ್ರಾಣಿಗಳನ್ನು ತಿನ್ನುತ್ತದೆ, ರೋಹು ನಡುನೀರಿನದು, ಮೃಗಾಲ್ ತಳದಲ್ಲಿ ಕೊಳೆತುದನ್ನು ಆರಿಸುತ್ತದೆ. ಬೆಳ್ಳಿಗೆಂಡೆಯು ಸೂಕ್ಷ್ಮಸಸ್ಯಗಳನ್ನು ಸೋಸಿದರೆ ಹುಲ್ಲುಗೆಂಡೆಯು ಜೊಂಡನ್ನು ಮೇಯುತ್ತದೆ. ಸಾಮಾನ್ಯ ಗೆಂಡೆಯು ಮಣ್ಣನ್ನು ಕೆದಕುತ್ತದೆ. ಒಂದೇ ನೀರಿನಲ್ಲಿ ಆರು ಅಂತಸ್ತಿನ ಊಟದ ಮನೆ! ಆದರೂ ಬೆಳ್ಳಿಗೆಂಡೆ ಹೆಚ್ಚಿದರೆ ಕಾಟ್ಲಾ ಕುಗ್ಗುತ್ತದೆ, ಸಾಮಾನ್ಯ ಗೆಂಡೆ ಹೆಚ್ಚಿದರೆ ಮೃಗಾಲಿಗೆ ಪಾಲು ಸಾಲದು. ಮೂರೇ ಜಾತಿ ಬಿಡುವಲ್ಲಿ ನಾಲ್ಕು ಪಾಲು ಕಾಟ್ಲಾ, ಮೂರು ರೋಹು, ಮೂರು ಮೃಗಾಲ್ ಎಂಬ ಪ್ರಮಾಣವು ರೂಢಿಗೆ ಬಂದಿತು. ಗಾಜಿನ ತೊಟ್ಟಿಯವನು ಬೆರಳೆಣಿಕೆಯ ಮೀನುಗಳಿಗೆ ಹಾಕುವ ಲೆಕ್ಕವನ್ನು ಇಲ್ಲಿ ಸಾವಿರಗಟ್ಟಲೆ ಮರಿಗಳಿಗೆ ಹಾಕಲಾಯಿತು.

ಲೆಕ್ಕದಲ್ಲಿ ಸೇರದೆ ಉಳಿದವು ಮೊದಲಿನಿಂದ ಇದ್ದ ಮೀನುಗಳು. ಹೊಸ ಪರಿಭಾಷೆಯಲ್ಲಿ ಸಣ್ಣ ಮೀನುಗಳು ‘ಕಳೆಮೀನು’ಗಳಾದವು, ಕೊರವನು ‘ಪರಭಕ್ಷಕ’ವಾಯಿತು. ಮರಿ ಬಿಡುವ ಮುನ್ನ ನೀರಿಗೆ ಹಿಪ್ಪೆ ಹಿಂಡಿಯನ್ನು ಬೆರೆಸಿ ಇವನ್ನು ಕೊಲ್ಲಬೇಕೆಂಬುದು ಕೈಪಿಡಿಗಳ ಮೊದಲ ಉಪದೇಶ. ಹೆಕ್ಟೇರಿಗೆ ಸುಮಾರು 2,500 ಕಿಲೋಗ್ರಾಂ ಎಂದು ಪ್ರಮಾಣವನ್ನೂ ಸೂಚಿಸಲಾಯಿತು. ಫ್ರಾನ್ಸಿಸ್ ಡೇ 1873ರ ತನ್ನ ವರದಿಯಲ್ಲಿ ಮರಿಮೀನುಗಳ ಸಂಹಾರವನ್ನು ಕುರಿತು ಅಷ್ಟೊಂದು ದೂರಿದ್ದನು. 1897ರ ಭಾರತೀಯ ಮೀನುಗಾರಿಕೆಯ ಕಾಯಿದೆಯು ನೀರಿಗೆ ವಿಷ ಹಾಕಿ ಮೀನು ಕೊಲ್ಲುವುದನ್ನು ಅಪರಾಧವೆಂದಿತು. ನೂರು ವರ್ಷ ತುಂಬುವುದರೊಳಗೆ ಅದೇ ಕೆಲಸವು ಕೃಷಿಯ ಅಂಗವಾಯಿತು. ಉದ್ದೇಶ ಬೇರೆ, ನಿಜ. ಮಾನವಾಹಾರದ ಕೊರತೆಯಿದ್ದ ಕಾಲದಲ್ಲಿ ಅಧಿಕ ಇಳುವರಿಯನ್ನು ಬಯಸಿದ್ದು ತಪ್ಪೆಂದು ಹೇಳುವಂತೆಯೂ ಇಲ್ಲ. ಆದರೆ ವಾರಿಂಗ್ಟನ್ನನ ಬಸವನಹುಳುವನ್ನು ತೆಗೆದು ಹಾಕಿ ತೊಟ್ಟಿಯನ್ನು ತಿಳಿಯಾಗಿರಿಸುವ ಪ್ರಯತ್ನ ಇದೆನ್ನದೆ ವಿಧಿಯಿಲ್ಲ.

ಬಂಗಾಳದ ಅಥವಾ ಕೃಷ್ಣಾ–ಗೋದಾವರಿ ಮುಖಜಭೂಮಿಯ ಕೊಳಗಳಿಗೆ ಈ ಪದ್ಧತಿ ಒಪ್ಪಿದಷ್ಟು ಪಾವಗಡಕ್ಕೆ ಒಪ್ಪಲಾರದೆಂಬುದು ನನ್ನ ಅಭಿಪ್ರಾಯ. ಅಲ್ಲಿ ನೀರು ನಿಲ್ಲುತ್ತದೆ. ಇಲ್ಲಿ ಕೆರೆ ತುಂಬಿದ ವರ್ಷವೇ ಸುದ್ದಿ. ತುಂಬಿದರೂ ನೀರು ಹಲವೆಡೆ ನಾಲ್ಕಾರು ತಿಂಗಳು ಮಾತ್ರ. ಹೊಸ ಗೆಂಡೆಗಳು ಕೆಸರಿನಲ್ಲಿ ಬದುಕಲಾರವು. ಕಾಟ್ಲಾ, ರೋಹು, ಮೃಗಾಲ್‌ಗಳಂತೂ ಇದ್ದಲ್ಲಿ ಮರಿಮಾಡಲಾರವು. ಪ್ರತಿ ಬಾರಿಯೂ ಮರಿಯನ್ನು ಹಣ ಕೊಟ್ಟು ತರಬೇಕು. ಹಣ ಹೂಡಿದವನಿಗೆ ಕೆರೆಯ ಮೇಲೆ ಹಕ್ಕು ಬೇಕು. ಹೀಗೆ ಗುತ್ತಿಗೆಯ ಪದ್ಧತಿಯು ಮತ್ಸ್ಯಕೃಷಿಯ ಜೊತೆಗೆ ಬೇರೂರಿತು. ನೀರು ಇಂಗುವ ಕಾಲದಲ್ಲಿ ಕೂಳಿ, ಬುಟ್ಟಿಗಳನ್ನು ಹಿಡಿದು ಕೆರೆಗಿಳಿಯುವವರಿಗೆ ಸಿಗುತ್ತಿದ್ದ ಬಿಟ್ಟಿ ಮೀನು ಗುತ್ತಿಗೆದಾರನ ಸ್ವತ್ತಾಯಿತು. ಕಂದಾಯದ ದೃಷ್ಟಿಯಿಂದ ಅದು ಲಾಭ. ಆ ಸಣ್ಣ ಮೀನಿನ ಸಾರುಂಡವರ ಲೆಕ್ಕವು ಯಾವ ದಫ್ತರಿನಲ್ಲಿಯೂ ಬರಲಿಲ್ಲ.

ಸಣ್ಣ ಮೀನಿನ ಬೆಲೆ ಇನ್ನೊಂದು ಇಲಾಖೆಗೆ ಗೊತ್ತಿತ್ತೆಂಬುದು ಚೋದ್ಯ. ಮಲೇರಿಯಾದ ಸೊಳ್ಳೆಮರಿಗಳನ್ನು ತಿನ್ನಿಸಲೆಂದು 1928ರಲ್ಲಿ ಡಾ. ಬಿ. ಎ. ರಾವ್ ಅವರು ಇಟಲಿಯಿಂದ ಗ್ಯಾಂಬೂಸಿಯಾ ಮೀನನ್ನು ಬೆಂಗಳೂರಿಗೆ ತರಿಸಿದರು. ಒಂದು ಇಲಾಖೆ ಸೊಳ್ಳೆಮರಿ ತಿನ್ನುವ ನಾಡಮೀನನ್ನು ಕಳೆಯೆಂದು ಕೊಲ್ಲಿಸುವುದು, ಇನ್ನೊಂದು ಅದೇ ಕೆಲಸಕ್ಕೆ ಪರದೇಶದ ಮೀನನ್ನು ಬಾವಿಗೆ ಬಿಡುವುದು! 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾವು ಇವೆರಡಕ್ಕಿಂತಲೂ ಹಟಮಾರಿ. ಬಿಟ್ಟಲ್ಲೆಲ್ಲ ತಾನೇ ಮರಿಮಾಡಿ ತುಂಬಿಕೊಳ್ಳುತ್ತದೆ.

ಇತ್ತೀಚೆಗೆ ಈ ಲೆಕ್ಕಕ್ಕೆ ಕಾಲುವೆಯೂ ಸೇರಿದೆ. ಹೇಮಾವತಿಯ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ಬಂದು, 2020ರ ಕೊನೆಗೆ ಮದಲೂರು ಕೆರೆಗೂ ಹರಿಯಿತು. ಕಾವೇರಿ ಕೊಳ್ಳದ ನೀರು ವೇದಾವತಿಯ ಕೊಳ್ಳಕ್ಕೆ ದಾಟುವಾಗ ಮೊಟ್ಟೆ, ಮರಿಗಳೂ ದಾಟಲು ಅಡ್ಡಿಯಿಲ್ಲ. ನೀರಿಗಾಗಿ ನಡೆದ ಹೋರಾಟಗಳಲ್ಲಿ ಈ ಮಾತನ್ನು ಎತ್ತುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ, ಇರಬೇಕೆಂದು ಹೇಳುವುದೂ ಕಷ್ಟ. 2022ರ ಮಳೆಗಾಲದಲ್ಲಿ ಕೊರಟಗೆರೆ, ಮಧುಗಿರಿಗಳಲ್ಲಿ ಕೆರೆಗಳು ಕೋಡಿ ಬಿದ್ದು ಜಯಮಂಗಲಿ ತುಂಬಿ ಹರಿದಳು. ಕೋಡಿಯ ನೀರಿನೊಡನೆ, ತಡೆಬಲೆಯಿಲ್ಲದ ಕಡೆ, ಬಿಟ್ಟು ಸಾಕಿದ ಗೆಂಡೆಗಳು ಪಿನಾಕಿನಿಯತ್ತ ಇಳಿಯುತ್ತವೆ. ಹಿಂದೆ ಕೆಸರು ಉಳಿದರೆ, ಕೆಸರಿನಲ್ಲಿ ಕೊರವನು ಉಳಿಯುತ್ತದೆ.